ಮುಷ್ಟಿ ಮತ್ತು ಮೂರು ಬೆರಳು

"ಇವತ್ತು ಕಟ್ಟೇಬಿಟ್ವಿ ಮೇಡಂ. ದಿನಾ ಎಷ್ಟು ಸಲ ಅಂತ ನೆಲದಿಂದ ಎತ್ತಿಡೋದು?"

ನರ್ಸ್ ನಯನ ಹೀಗೆಂದು ಕಲ್ಲಯ್ಯ ಮೇಷ್ಟ್ರ ಬಲಗೈ ತೋರಿಸಿದಳು. ಸ್ವಾಧೀನ ತಪ್ಪಿದ ಕೈ ಅದು. ಬೆರಳುಗಳು ತಾವಾಗಿಯೇ ಮಡಚಿಕೊಂಡು ಮುಷ್ಟಿಯಾಗಿಬಿಡುತ್ತವೆಂದು ಅಂಗೈಯೊಳಗೆ ಬಟ್ಟೆಯ ಸುರುಳಿ ಇಡುತ್ತಿದ್ದರು. ಮೇಷ್ಟ್ರು ಎಡಗೈಯಿಂದ ಅದನ್ನು ಕಿತ್ತು ಎಸೆಯುತ್ತಿದ್ದರು. ಈಗ ಅಂಗೈಯನ್ನು ಒಂದು ಹಲಗೆಯ ಮೇಲೆ ಚಪ್ಪಟೆಯಾಗಿ ಹರಡಿ ಮೊಣಕೈವರೆಗೂ ಪಟ್ಟಿ ಸುತ್ತಿದ್ದಾರೆ.

"ಡಾಕ್ಟರ್ ಹೇಳಿದ್ರಾ?"

"ಡಾಕ್ಟರೂ ಹೂಂ ಅಂದ್ರು. ಮೊದ್ಲು ಹೇಳಿದ್ದು ಬಸವಯ್ಯ ಸಾಹುಕಾರ್ರು. ಕೈ ಹಾಗೇ ಸೆಟೆದುಹೋದ್ರೆ ಮುಂದೆ ಕಷ್ಟ, ಕಟ್ಟಿಬಿಡಮ್ಮ ಅಂದ್ರು. ಸ್ವಂತ ಮಕ್ಕಳೂ ಇಷ್ಟು ನೋಡ್ಕೊಳಲ್ಲ ಬಿಡಿ."

ಹೈಸ್ಕೂಲಿನಲ್ಲಿ ಆಟ ಕಲಿಸಿ, ರೆಫರಿಯಾಗಿ ಸೀಟಿ ಊದಿದ ಮೇಷ್ಟ್ರಿಗೆ ಸ್ವಂತ ಮಕ್ಕಳಿಲ್ಲ. ಹೆಂಡತಿಯೂ ಇಲ್ಲ. ಟಿ. ನರಸೀಪುರದ ಬ್ಯಾಸ್ಕೆಟ್‌ಬಾಲ್ ಕಪ್ಪಿನ ಫೈನಲ್ ಮುಗಿದ ಸಂಜೆ ಗ್ಯಾಲರಿಯ ಕಲ್ಲುಮೆಟ್ಟಿಲ ಕೆಳಗೆ ತಲೆಯೊಡೆದು ಬಿದ್ದಿದ್ದವರು ಅವರು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ ನಂಜನಗೂಡಿನ ಈ ಆಸ್ಪತ್ರೆಗೆ ತಂದು ಮಲಗಿಸಿ ಮೂರನೇ ವಾರ. ಬಾಯಿಂದ ಇನ್ನೂ ಒಂದು ಮಾತು ಹೊರಟಿಲ್ಲ. ಹೊರಟಿದ್ದು ಕೈಸನ್ನೆ ಮಾತ್ರ. ಆ ಸನ್ನೆಯ ಮೇಲೆ ಹುಲ್ಲಹಳ್ಳಿಯ ಆಟಗಾರ ಅಮೃತೇಶ್ ಜೈಲು ಸೇರಿದ್ದಾನೆ. ಅಂದು ಅವನ ಜೆರ್ಸಿಯ ಮೇಲಿದ್ದ ನಂಬರು ಮೂರು.

ನನ್ನನ್ನು ಈ ಕೇಸಿಗೆ ಎಳೆದು ತಂದವಳು ಅವನ ಅಕ್ಕ ಗಾನವಿ. ನಂಜನಗೂಡಿನಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ 'ಇಂದ್ರಾಣಿ ಪತ್ತೇದಾರಿ ಸೇವೆ' ಎಂಬ ಬೋರ್ಡು ನೋಡಿದ್ದರೆ ಅದು ನನ್ನದೇ. ಹೆಸರು ದೊಡ್ಡದು, ಕೆಲಸವೆಲ್ಲ ಮದುವೆಗೆ ಮುಂಚಿನ ವಿಚಾರಣೆ. ಹುಡುಗ ಕುಡೀತಾನಾ, ಹುಡುಗಿಗೆ ಮೊದಲೇ ಯಾರಾದರೂ ಇದ್ದರಾ, ಇಂಥವು. ತಾಲ್ಲೂಕಿನ ಅರ್ಧ ಮದುವೆಗಳು ನನ್ನ ಒಪ್ಪಿಗೆ ಮೇಲೆ ನಡೆದಿವೆ, ಊಟಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ.

"ಅಕ್ಕಾ, ಸೋಮವಾರ ಜಾಮೀನಿನ ವಿಚಾರಣೆ," ಎಂದು ಗಾನವಿ ಬೆಳಿಗ್ಗೆಯೂ ಹೇಳಿದ್ದಳು. ಫ್ಯಾಕ್ಟರಿಯ ನೀಲಿ ಸಮವಸ್ತ್ರದಲ್ಲೇ ಬಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಲ್ಲುತ್ತಾಳೆ, ವಾರ್ಡಿನೊಳಗೆ ಬರುವುದಿಲ್ಲ. "ಮೇಷ್ಟ್ರು ನನ್ನ ತಮ್ಮನ್ನೇ ತೋರಿಸ್ತಿದ್ದಾರೆ ಅಂತ ವಕೀಲರೂ ನಂಬ್ಬಿಟ್ಟವ್ರೆ. ಕೊಲೆ ಮಾಡಕ್ಕೆ ನೋಡ್ದ ಅಂತ ಕೇಸು. ಆ ಬೆರಳು ಮೂರೇ ಆದ್ರೆ ಅವನ ಬಾಳು ಮುಗೀತು ಅಕ್ಕಾ."

ಮೇಷ್ಟ್ರನ್ನೇ ಕೇಳಿದರಾಯಿತಲ್ಲ ಎನ್ನಬೇಡಿ. ನಾನೂ ಕೇಳಿದೆ. ಈ ಪೆಟ್ಟಿನಲ್ಲಿ ಮಾತಿನ ಜೊತೆ ಬರೆಯುವುದೂ ಹೋಗುತ್ತದಂತೆ. ಹೂಂ, ಊಹೂಂ ಎನ್ನುವುದೂ ಕಲಸಿಹೋಗುತ್ತದಂತೆ. ನಂಬದೆ ನಾನು ಒಂದು ದಿನ ಬಗ್ಗಿ, "ಮೇಷ್ಟ್ರೇ, ನಾನು ನಿಮ್ಮ ಹೆಂಡ್ತೀನಾ?" ಎಂದೆ. ಗಂಭೀರವಾಗಿ ತಲೆಯಾಡಿಸಿ ಹೂಂ ಎಂದರು. ಮದುವೆಯಾಗದ ಅವರಿಗೂ ಮದುವೆಯಾಗದ ನನಗೂ ಅಷ್ಟು ಸುಲಭವಾಗಿ ಅದು ಎಂದೂ ಆಗಿರಲಿಲ್ಲ. ನಯನ ನಕ್ಕಳು, ನಾನೂ ನಕ್ಕೆ.

ಉಳಿದದ್ದು ಕೈಯೊಂದೇ. ಬಾಯಿ ಮರೆತದ್ದನ್ನು ಅದು ಮರೆತಿರಲಿಲ್ಲ.

ಕ್ರಮ ಯಾವತ್ತೂ ಒಂದೇ. ಮೊದಲು ನರ್ಸ್ ಕೂರುವ ಟೇಬಲ್ಲಿನ ಕಡೆಗೆ ಮುಖ ತಿರುಗಿಸುತ್ತಾರೆ. ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಎಡಗೈಯ ಮೂರು ಬೆರಳು ತೋರಿಸುತ್ತಾರೆ. ಕೊನೆಗೆ ಅದೇ ಎಡಗೈಯನ್ನು ಬಿಚ್ಚಿ ಅಂಗೈಯನ್ನು ತಮ್ಮ ಎದೆಯ ಕಡೆಗೆ ಬೀಸುತ್ತಾರೆ. ಎದೆ ಉರಿಯುತ್ತಿರಬೇಕೆಂದು ನಯನ ಆಗ ಗ್ಯಾಸಿನ ಮಾತ್ರೆ ಕೊಡುತ್ತಿದ್ದಳು.

ಪೊಲೀಸರ ಬಳಿ ಇರುವ ವಿಡಿಯೋದಲ್ಲಿ ಈ ಕೊನೆಯ ಬೀಸು ಇಲ್ಲ. ಮೂರು ಬೆರಳಿಗೆ ಅದು ನಿಂತುಹೋಗುತ್ತದೆ. ಮೊದಲ ದಿನಗಳಲ್ಲಿ ಅದನ್ನು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ತೆಗೆದುಕೊಟ್ಟವರು ಬಸವಯ್ಯನವರು. ನರಸೀಪುರದ ಅಕ್ಕಿ ಗಿರಣಿಯ ಸಾಹುಕಾರರು, ಅಪ್ಪನ ಹೆಸರಿನಲ್ಲಿ ಈ ಕಪ್ ನಡೆಸುವವರು, ಮೇಷ್ಟ್ರ ಹಳೆಯ ಶಿಷ್ಯ. ಸನ್ನೆ ಓದಿಕೊಟ್ಟವನು ಫೈನಲ್ ಆಡಿಸಿದ ರೆಫರಿ ದೇವರಾಜು. ಮುಷ್ಟಿ ಅಂದರೆ ಫೌಲ್, ಮೂರು ಬೆರಳು ಅಂದರೆ ಮೂರನೇ ನಂಬರಿನವನು, ಅಷ್ಟೇ ಎಂದು ಅವನು ಪೊಲೀಸರಿಗೆ ಹೇಳಿದ್ದ.

ಇಂದು ಮೇಷ್ಟ್ರು ಟೇಬಲ್ಲಿನ ಕಡೆ ತಿರುಗಿದರು. ಬಲಗೈ ಎಳೆದರು. ಹಲಗೆ ಮಂಚದ ಕಂಬಿಗೆ ಬಡಿದು ಸದ್ದಾಯಿತು. ಪಟ್ಟಿಯನ್ನು ಉಗುರಿನಿಂದ ಕೆರೆದರು. ಬಿಚ್ಚಲಾಗಲಿಲ್ಲ. ಎಡಗೈ ಖಾಲಿಯಿತ್ತು, ಮೂರು ಬೆರಳು ತೋರಿಸಲು ಏನೂ ಅಡ್ಡಿಯಿರಲಿಲ್ಲ. ತೋರಿಸಲಿಲ್ಲ. ಕೈ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಅತ್ತರು.

ಅಷ್ಟು ವಯಸ್ಸಾದವರು ಅಳುವುದನ್ನು ನೋಡುವುದು ನನ್ನಿಂದಾಗುವುದಿಲ್ಲ. ಆದರೆ ತಲೆ ತನ್ನ ಕೆಲಸ ತಾನು ಮಾಡುತ್ತಿತ್ತು. ಮೂರು ಬೆರಳೇ ಪೂರ್ತಿ ಮಾತಾಗಿದ್ದರೆ ಅದನ್ನು ಹೇಳಲು ಆ ಸತ್ತ ಕೈ ಯಾಕೆ ಬೇಕು? ಮುಷ್ಟಿಯಿಲ್ಲದೆ ಮೂರಕ್ಕೆ ಅರ್ಥವೇ ಇಲ್ಲ ಅನ್ನುವ ಹಾಗೆ ಬಿಟ್ಟುಬಿಟ್ಟರಲ್ಲ.

"ಬಸವಯ್ಯನವರು ಇದ್ದಾಗಲೂ ಹೀಗೇ ಮಾಡ್ತಾರಾ?" ಎಂದು ಕೇಳಿದೆ.

"ಅಯ್ಯೋ ಇಲ್ಲ ಮೇಡಂ. ಅವರು ಗಂಜಿ ಫ್ಲಾಸ್ಕ್ ತಗೊಂಡು ಬಂದು ಇದೇ ಕುರ್ಚೀಲಿ ಕೂತ್ರೆ ಮೇಷ್ಟ್ರು ಕೈ ಆಡಿಸೋದೇ ಇಲ್ಲ. ಸುಮ್ನೆ ಸೂರು ನೋಡ್ತಾ ಮಲಗಿರ್ತಾರೆ. ಅಷ್ಟು ಸಮಾಧಾನ. ಸಾಹುಕಾರ್ರು ಹೇಳ್ತಿರ್ತಾರೆ, ನಾನು ಕ್ಯಾಪ್ಟನ್ ಆಗಿದ್ದೋನು, ಮೇಷ್ಟ್ರಿಗೆ ನನ್ನ ಕಂಡ್ರೆ ಪ್ರಾಣ ಅಂತ."

*

ಮೇಷ್ಟ್ರ ಬಾಡಿಗೆ ಕೋಣೆ ಕಪಿಲೆಯ ಸ್ನಾನಘಟ್ಟಕ್ಕೆ ಇಳಿಯುವ ಓಣಿಯಲ್ಲಿದೆ. ಬೀಗ ತೆಗೆದುಕೊಟ್ಟವರು ಮನೆಯೊಡತಿ ಮಂಗಳಮ್ಮ.

ಒಂದು ತಟ್ಟೆ, ಒಂದು ಲೋಟ, ಗೋಡೆಗೆ ಒಂದು ಮೊಳೆ, ಮೊಳೆಗೆ ನೇತುಬಿದ್ದ ಸೀಟಿ. ನನ್ನ ಮನೆಯಲ್ಲಿ ಲೋಟ ಎರಡಿವೆ ಎಂದು ನೆನಪಾಗಿ ಸುಳ್ಳೇಕೆ, ಸ್ವಲ್ಪ ಹೆಮ್ಮೆಯಾಯಿತು.

"ಯಾರೂ ಬರ್ತಿರ್ಲಿಲ್ವಾ ಇವರ ಮನೆಗೆ?"

"ಬಂದ್ರೆ ಸೇರಿಸ್ತಿದ್ರಾ?" ಎಂದು ಮಂಗಳಮ್ಮ ಹೊಸ್ತಿಲಲ್ಲೇ ಕೂತರು. "ಮ್ಯಾಚಿನ ದಿವ್ಸ ಯಾರು ಕೊಟ್ರೂ ನೀರು ಮುಟ್ತಿರ್ಲಿಲ್ಲ ಕಣವ್ವ. ಮನೆಯಿಂದ್ಲೇ ಬಾಟ್ಲಿ. ಮದ್ವೆ, ನಾಮಕರಣ, ಎಲ್ಲಿಗೂ ಓಗ್ತಿರ್ಲಿಲ್ಲ. ಉಂಡ್ಬುಟ್ರೆ ನಾಳೆ ಅವ್ರ ಉಡ್ಗ ಆಟಕ್ಕೆ ಬತ್ತಾನೆ ಮಂಗಳಮ್ಮ, ಆಗ ಸೀಟಿ ಊದಕ್ಕೆ ಕೈ ನಡುಗ್ತದೆ ಅಂತಿದ್ರು. ಸೀಟಿ ಬಿಟ್ಟು ಎಷ್ಟೋ ವರ್ಸ ಆಯ್ತು. ಆದ್ರೂ ಅದೇ ರೂಡಿ. ಆಮೇಲೆ ಕರಿಯೋರೂ ನಿಲ್ಲಿಸ್ಬುಟ್ರು."

ಯಾರ ಪಕ್ಷವನ್ನೂ ವಹಿಸಬಾರದೆಂದು ಹೊರಟ ಮನುಷ್ಯನಿಗೆ ಕೊನೆಗೆ ತನ್ನ ಪಕ್ಷಕ್ಕೂ ಯಾರೂ ಉಳಿದಿರಲಿಲ್ಲ.

ಗೋಡೆಯ ಮೇಲೆ ಇದ್ದದ್ದು ಒಂದೇ ಫೋಟೋ. ಮೇಷ್ಟ್ರ ಹೈಸ್ಕೂಲ್ ತಂಡ, ಜಿಲ್ಲಾ ಕಪ್ ಗೆದ್ದ ವರ್ಷದ್ದು. ಹನ್ನೆರಡು ಹುಡುಗರು, ಮೂಲೆಯಲ್ಲಿ ಬಿಳಿ ಷರಾಯಿಯ ಮೇಷ್ಟ್ರು. ಎದೆಯ ಮೇಲಿನ ನಂಬರುಗಳನ್ನು ಓದಿದೆ. ನಾಲ್ಕು, ಐದು, ಆರು. ಹೀಗೇ ಹದಿನೈದರವರೆಗೆ. ನಡುವೆ ಕೂತ ಹುಡುಗನ ನಂಬರು ಕಾಣುತ್ತಿರಲಿಲ್ಲ, ದೊಡ್ಡ ಕಪ್ಪನ್ನು ಎದೆಗವಚಿಕೊಂಡಿದ್ದ. ನಾನು ಹುಡುಕುತ್ತಿದ್ದುದು ಮೂರನ್ನು. ಮೂರು ಇರಲಿಲ್ಲ. ಎರಡೂ ಇಲ್ಲ, ಒಂದೂ ಇಲ್ಲ.

ಎರಡನೇ ಸಾಲಿನ ತುದಿಯಲ್ಲಿ ಸಣಕಲು ಹುಡುಗನೊಬ್ಬ ನಿಂತಿದ್ದ. ಮುಖಕ್ಕಿಂತ ಕಿವಿಯೇ ಎದ್ದು ಕಾಣುತ್ತಿತ್ತು. ಎದೆಯ ಮೇಲೆ ಹದಿಮೂರು. ಆ ಕಿವಿಗಳನ್ನು ನಾನು ಮೊನ್ನೆಯಷ್ಟೇ ನರಸೀಪುರದ ಟೈಲರ್ ಅಂಗಡಿಯೊಂದರಲ್ಲಿ ನೋಡಿದ್ದೆ.

"ಮಂಗಳಮ್ಮ, ಮೇಷ್ಟ್ರು ಮನೇಲೂ ಕೈಸನ್ನೆ ಮಾಡ್ತಿದ್ರಾ?"

"ಅಯ್ಯೋ, ಬಾಯಿಗಿಂತ ಕೈಯೇ ಜಾಸ್ತಿ. ಬೀದೀಲಿ ರಸಬಾಳೆ ಮಾರೋನು ಬಂದ್ರೆ ಇಲ್ಲಿಂದ್ಲೇ ಡಜನ್ ಬೇಕು ಅಂತ ಇಂಗ್ ತೋರ್ಸೋರು." ಮಂಗಳಮ್ಮ ಬಲಗೈ ಮುಷ್ಟಿ ಕಟ್ಟಿ, ಎಡಗೈಯ ಎರಡು ಬೆರಳು ಎತ್ತಿದರು. "ಮುಷ್ಟಿ ಅಂದ್ರೆ ಅತ್ತು. ಮೇಲೆ ಎಲ್ಡು. ಬಾಳೆಹಣ್ಣಿನೋನ್ಗೂ ಅಭ್ಯಾಸ ಆಗೋಗಿತ್ತು."

ಬಲಗೈ ಮುಷ್ಟಿ ಹತ್ತು. ಎಡಗೈ ಬೆರಳು ಮೂರು. ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಸ್ಕೂಟರ್ ಹತ್ತಿದೆ.

*

ದೇವರಾಜುವಿನ ಅಂಗಡಿ ನರಸೀಪುರ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದೆ. ಹೊಲಿಗೆ ಇವನ ಕಸುಬು, ಸೀಟಿ ಇವನ ಹುಚ್ಚು. ತಾಲ್ಲೂಕಿನ ತಂಡಗಳಿಗೆಲ್ಲ ಜೆರ್ಸಿ ಹೊಲಿದು ನಂಬರು ಅಂಟಿಸುವವನು ಇವನೇ. ನಾನು ಹೋದಾಗ ಹಳದಿ ಬನಿಯನ್ನಿನ ಮೇಲೆ ನಂಬರೊಂದನ್ನಿಟ್ಟು ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದ.

"ಬನ್ನಿ ಮೇಡಂ, ಕುತ್ಕಳಿ. ಟೀ ಏಳ್ಲಾ?"

"ಟೀ ಬೇಡ. ಒಂದು ಜೆರ್ಸಿ ಬೇಕಿತ್ತು. ನಂಬರ್ ಹದಿಮೂರು."

ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. "ಯಾವ ಸೈಜು?"

"ಹೈಸ್ಕೂಲ್ ಹುಡುಗನದು. ಕಿವಿ ದೊಡ್ಡದಿರೋ ಹುಡುಗ." ಮೊಬೈಲನ್ನು ಅವನ ಮುಂದೆ ಹಿಡಿದೆ.

ಅವನು ಫೋಟೋ ನೋಡಿದ, ನನ್ನನ್ನು ನೋಡಲಿಲ್ಲ.

"ಇದರಲ್ಲಿ ಮೂರನೇ ನಂಬರ್ ಯಾರು, ತೋರಿಸಿ."

"ಮೂರಿಲ್ಲ."

"ಯಾಕಿಲ್ಲ?"

"ಆಗ ನಾಕರಿಂದ ಅದಿನೈದರ ತಂಕ ಅಷ್ಟೇಯ. ಒಂದು, ಎಲ್ಡು, ಮೂರು ಬೆಳ್ಳು ಪಾಯಿಂಟ್ ತೋರ್ಸಕ್ಕೆ ಬೇಕಲ್ಲ ಮೇಡಂ. ಆಟಗಾರನ್ಗೂ ಅದೇ ನಂಬರ್ ಕೊಟ್ರೆ ಟೇಬಲ್ಲಲ್ಲಿ ಬರಿಯೋನ್ಗೆ ತಲೆ ಕೆಡ್ತದೆ."

"ಹದಿಮೂರನ್ನ ಹೇಗೆ ತೋರಿಸ್ತಿದ್ರು?"

ಅವನು ಹಳದಿ ಬನಿಯನ್ನನ್ನು ಮಡಚತೊಡಗಿದ.

"ಹೇಗೆ ತೋರಿಸ್ತಿದ್ರು ದೇವರಾಜು?"

"ಈಗ ಅಂಗಿಲ್ಲ ಮೇಡಂ. ಈಗ ಕೈಯ ಇಂಭಾಗ ತೋರ್ಸಿ ಅತ್ತರ ಅಂಕಿ, ಅಂಗೈ ತೋರ್ಸಿ ಬಿಡಿ ಅಂಕಿ..."

"ಈಗಿಂದು ಕೇಳ್ತಿಲ್ಲ. ಮೇಷ್ಟ್ರು ಸೀಟಿ ಬಿಟ್ಟಿದ್ದು ಯಾವಾಗ? ಈ ಹೊಸ ಸನ್ನೆ ಬರೋದಕ್ಕಿಂತ ಮುಂಚೆ ತಾನೆ? ಅವರ ಕೈಗೆ ಗೊತ್ತಿರೋದು ಹಳೇದು ಮಾತ್ರ ತಾನೆ? ಡಜನ್ ಬಾಳೆಹಣ್ಣು ಬೇಕು ಅಂತಾನೂ ಅದೇ ಸನ್ನೇಲಿ ಕೇಳ್ತಿದ್ರಂತೆ."

ದೇವರಾಜು ನಿಧಾನವಾಗಿ ಬಲಗೈ ಮುಷ್ಟಿ ಕಟ್ಟಿದ. ಎಡಗೈಯ ಮೂರು ಬೆರಳು ಎತ್ತಿದ.

ನನಗೆ ಸಿಟ್ಟು ನೆತ್ತಿಗೇರಿತು. "ಇದು ಗೊತ್ತಿದ್ದೂ ಆ ಹುಡುಗನ್ನ ಜೈಲಿಗೆ ಕಳಿಸಿದ್ರಲ್ರೀ! ಅವನಕ್ಕ ದಿನಾ ಆಸ್ಪತ್ರೆ ಬಾಗಿಲಲ್ಲಿ ನಿಂತು ಸಾಯ್ತಿದ್ದಾಳೆ."

"ವಿಡಿಯೋ ನೋಡಿದ್ ಗಳಿಗೇಲೆ ಗೊತ್ತಾಯ್ತು ಮೇಡಂ," ಎಂದು ಅವನು ಸ್ಟೂಲಿನ ಮೇಲೆ ಕುಸಿದ. "ಮೇಷ್ಟ್ರು ನನ್ನ ಎಸರೇ ಏಳ್ತಾವ್ರೆ ಅಂತ. ಪೊಲೀಸ್ನೋರು ಕೇಳುದ್ರು. ಬಾಯಿಗೆ ಬಂದಿದ್ದು ಏಳ್ಬುಟ್ಟೆ. ಮೂರು ಅಂದ್ರೆ ಮೂರನೇ ನಂಬರ್ ಅಂದ್ಬುಟ್ಟೆ."

"ನೀವೇ ತಳ್ಳಿದ್ರಾ?"

"ತಳ್ನಿಲ್ಲ." ತನ್ನ ಬಲಗೈ ನೋಡಿಕೊಂಡು, "ಗೊತ್ತಿಲ್ಲ," ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ಗೆದ್ದ ತಂಡದಲ್ಲಿ ಊರ ಹುಡುಗನ ಹೆಸರಿನಲ್ಲಿ ಹೊರಗಿನ ಆಟಗಾರನೊಬ್ಬ ಆಡಿದ್ದಾನೆಂದು ಅಮೃತೇಶ್ ಆಟ ಮುಗಿದ ಮೇಲೆ ಮೇಷ್ಟ್ರ ಮುಂದೆ ಕೂಗಾಡಿದ್ದ. ಆ ಕೂಗಾಟವನ್ನೇ ಊರೆಲ್ಲ ಜಗಳವೆಂದು ಸಾಕ್ಷಿ ಹೇಳುತ್ತಿರುವುದು. ಅತಿಥಿಯಾಗಿ ಬಂದಿದ್ದ ಮೇಷ್ಟ್ರು ಹುಡುಗನ ಮಾತನ್ನು ನಂಬಿದ್ದರು. ಗ್ಯಾಲರಿಯ ಮೇಲೆ ದೇವರಾಜುವಿನ ಕೈ ಹಿಡಿದು, ಬಹುಮಾನ ಕೊಡುವ ಮೊದಲು ಮೈಕಿನಲ್ಲಿ ಹೇಳಿಬಿಡುತ್ತೇನೆ, ನೀನು ನನ್ನ ಜೊತೆ ನಿಲ್ಲು ಎಂದಿದ್ದರು.

"ಬ್ಯಾಡಿ ಸಾ, ನಾಳೆ ನಂಗೆ ಮ್ಯಾಚ್ ಕೊಡೋರ್ಯಾರು ಅಂದೆ. ಅವ್ರು ಕೈ ಬಿಡ್ನಿಲ್ಲ. ನಾನೇ ಕೊಡವ್ಕಂಡು ಮೆಟ್ಲು ಇಳ್ದು ಬಂದ್ಬುಟ್ಟೆ. ಇಂದ್ಗಡೆ ಏನೋ ಬಿದ್ದಂಗಾಯ್ತು. ತಿರುಗಿ ನೋಡ್ನಿಲ್ಲ ಮೇಡಂ. ಡೋಲು ಒಡೀತಿದ್ರು, ಪಟಾಕಿ ಒಡೀತಿದ್ರು, ಇನ್ನೇನೋ ಇರ್ಬೌದು ಅನ್ಕಂಡೆ. ನಾನು ಕೈ ಕೊಡವಿದ್ಕೇ ಬಿದ್ರೇನೋ."

"ಒಂದು ದಿನವಾದ್ರೂ ಹೋಗಿ ನೋಡಬಾರದಾಗಿತ್ತಾ?"

"ಯಾವ ಮಕ ಇಟ್ಕಂಡು ಓಗ್ಲಿ?"

ನಾನು ಮೊಬೈಲಿನಲ್ಲಿ ನನ್ನದೇ ವಿಡಿಯೋ ಹಾಕಿದೆ. ಕೈ ಕಟ್ಟುವುದಕ್ಕೆ ಮುಂಚೆ ತೆಗೆದದ್ದು. ಮುಷ್ಟಿ. ಮೂರು ಬೆರಳು. ಆಮೇಲೆ ಎದೆಯ ಕಡೆಗೆ ಬೀಸುವ ಅಂಗೈ. ದೇವರಾಜು ಮುಂದಕ್ಕೆ ಬಾಗಿದ.

"ಇನ್ನೊಂದ್ಸಲ ಆಕಿ."

ಹಾಕಿದೆ.

"ಇದು ಆ ವಿಡಿಯೋದಲ್ಲಿ ಇರ್ನಿಲ್ಲ."

"ಇರಲಿಲ್ಲ. ಇದೇನು, ತಳ್ಳಿದ ಅಂತಾನಾ?"

"ಅಲ್ಲ. ತಳ್ಳಿದ ಅನ್ನಕ್ಕೆ ಅಂಗೈ ಒರಿಕ್ಕೆ ಓಗ್ಬೇಕು. ಇದು ಒಳಿಕ್ಕೆ ಬತ್ತಾ ಅದೆ." ಅವನು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡ. "ಬೆಂಚಲ್ಲಿ ಕುಂತಿರೋ ಉಡ್ಗ ಎದ್ದು ಗೆರೆ ಪಕ್ಕ ಬಂದು ನಿಂತ್ಕತಾನೆ. ರೆಫರಿ ಇಂಗ್ ಮಾಡಿ ಕರೀಬೇಕು. ಕರಿಯೋಗಂಟ ಕೋರ್ಟ್ ಒಳಿಕ್ಕೆ ಕಾಲಿಡಂಗಿಲ್ಲ. ನಾನು ಆ ಟೀಮಲ್ಲಿ ಯಾವಾಗ್ಲೂ ಬೆಂಚೇ ಮೇಡಂ. ಕೊನೆ ಐದು ನಿಮಿಷ ಇದ್ದಂಗೆ ಮೇಷ್ಟ್ರು ಪ್ರಾಕ್ಟೀಸಲ್ಲಿ ಇಂಗೇ ಕರಿಯೋರು. ಅದಿಮೂರು, ಒಳಗ್ ಬಾ."

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಫೌಲ್ ಏಳ್ತಿಲ್ಲ ಅವ್ರು. ನನ್ನ ಕರೀತಾವ್ರೆ."

ಹೊರಗೆ ಬಸ್ಸಿನ ಕಂಡಕ್ಟರ್ ಮೂಗೂರು, ಮೂಗೂರು ಎಂದು ಕೂಗುತ್ತಿದ್ದ. ಜನ್ಮವೆಲ್ಲ ಯಾರನ್ನೂ ಮನೆಗೆ ಕರೆಯದೆ ಇದ್ದ ಮನುಷ್ಯ ವಾರಗಟ್ಟಲೆ ಒಬ್ಬನನ್ನು ಕರೆಯುತ್ತ ಮಲಗಿದ್ದಾನೆ. ಊರು ಅದನ್ನು ದೂರು ಎಂದು ಓದಿಕೊಂಡಿದೆ. ಕರೆಸಿಕೊಳ್ಳಬೇಕಾದವನೂ ಹಾಗೆಯೇ ಓದಿಕೊಂಡು ಅಂಗಡಿಯಲ್ಲಿ ಅಡಗಿ ಕೂತಿದ್ದಾನೆ.

"ಏಳಿ," ಎಂದೆ. "ಅಂಗಡಿ ಹಾಗೇ ಇರಲಿ. ಬಂದು ಸ್ಕೂಟರ್ ಹತ್ತಿ."

*

ನಾವು ಆಸ್ಪತ್ರೆ ಮುಟ್ಟಿದಾಗ ಸಂಜೆ ರೋಗಿಗಳನ್ನು ನೋಡಲು ಬಿಡುವ ಹೊತ್ತು. ಗಾನವಿ ಮೊಗಸಾಲೆಯಲ್ಲಿ ತನ್ನ ಜಾಗದಲ್ಲೇ ನಿಂತಿದ್ದಳು. ದೇವರಾಜುವನ್ನು ಕಂಡು ಅವಳ ಮುಖ ಬಿಗಿಯಿತು. ತಮ್ಮನ ಮೇಲೆ ಸಾಕ್ಷಿ ಹೇಳಿದವನಲ್ಲವೇ. "ಸ್ವಲ್ಪ ತಾಳು," ಎಂದು ಅವಳ ಭುಜ ಮುಟ್ಟಿ ಒಳಗೆ ಹೋದೆ.

ಬಸವಯ್ಯನವರ ಕುರ್ಚಿ ಖಾಲಿಯಿತ್ತು. ಮೇಷ್ಟ್ರು ಗೋಡೆಯ ಕಡೆ ತಿರುಗಿಯೇ ಇದ್ದರು.

"ಸಾ," ಎಂದ ದೇವರಾಜು. ಆ ವಯಸ್ಸಿನ ಗಂಡಸಿನ ಬಾಯಿಂದ ಬಂದದ್ದು ಶಾಲೆಯ ಹುಡುಗನ ದನಿ. "ಅದಿಮೂರು ಬಂದಿವ್ನಿ ಸಾ."

ಮೇಷ್ಟ್ರು ತಿರುಗಿದರು. ಅವನ ಕಿವಿಯಿಂದ ಕಾಲಿನವರೆಗೆ ನೋಡಿದರು. ನಗಲಿಲ್ಲ, ಅಳಲಿಲ್ಲ. ತಡವಾಗಿ ಬಂದ ಆಟಗಾರನನ್ನು ನೋಡುವ ಹಾಗೆ ನೋಡಿ, ಎಡಗೈ ಚಾಚಿ ದೇವರಾಜುವಿನ ಬಲಗೈಯನ್ನು ಹಿಡಿದುಕೊಂಡರು. ಅಂದು ಕೊಡವಿ ಬಿಡಿಸಿಕೊಂಡ ಅದೇ ಕೈ.

ಹಿಡಿದು ಸುಮ್ಮನಿರಲಿಲ್ಲ. ಅದರ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿದರು. ಮುಷ್ಟಿ ಮಾಡಿ ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ತಮ್ಮ ಕೈ ಹಲಗೆಗೆ ಕಟ್ಟಿತ್ತು, ಇವನ ಕೈಯನ್ನು ಸಾಲ ತೆಗೆದುಕೊಂಡರು. ಆಮೇಲೆ ಎಡಗೈ ಮೇಲೆತ್ತಿದರು.

ಮೂರಲ್ಲ. ಎರಡು ಬೆರಳು.

ಆ ಎರಡು ಬೆರಳನ್ನು ಒಂದಿಷ್ಟು ಹೊತ್ತು ಹಿಡಿದರು. ಬಳಿಕ ಅಂಗೈ ಬಿಚ್ಚಿ, ಹೊರಕ್ಕೆ, ಬಲವಾಗಿ, ದೇವರಾಜುವಿನ ಎದೆಗೆ ತಾಕುವಂತೆ ತಳ್ಳಿದರು. ಅವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ಮೇಷ್ಟ್ರು ಮತ್ತೆ ಅವನ ಮುಷ್ಟಿಯನ್ನು ಎಳೆದುಕೊಂಡು ಮತ್ತೆ ಎರಡು ಬೆರಳು ಎತ್ತಿದರು.

ದೇವರಾಜುವಿನ ಮುಖ ಬಿಳಿಚಿಕೊಂಡಿತ್ತು. "ಏನಂತಾರೆ?" ಎಂದೆ. ಅವನು ಬಾಗಿಲ ಕಡೆ ನೋಡಿದ. ನನಗೆ ಅವನ ಉತ್ತರ ಬೇಕಾಗಿಯೂ ಇರಲಿಲ್ಲ, ರಸಬಾಳೆ ಕೊಳ್ಳುವ ಸನ್ನೆಯನ್ನು ಮಂಗಳಮ್ಮ ಕಲಿಸಿದ್ದರು.

ಮೊಬೈಲ್ ತೆಗೆದು ಫೋಟೋ ದೊಡ್ಡದು ಮಾಡಿದೆ. ನಾಲ್ಕರಿಂದ ಹದಿನೈದು. ಹನ್ನೊಂದು ಎದೆಗಳ ಮೇಲೆ ಹನ್ನೊಂದು ನಂಬರು. ಕಾಣದಿದ್ದದ್ದು ಹನ್ನೆರಡು. ಅದು ಕಪ್ಪಿನ ಹಿಂದೆ ಇತ್ತು, ಆ ಕಪ್ ಕ್ಯಾಪ್ಟನ್ನನ ಕೈಯಲ್ಲಿತ್ತು.

ಅಪ್ಪನ ಹೆಸರಿನ ಕಪ್ಪಿನಲ್ಲಾದ ಮೋಸ ಮೈಕಿಗೆ ಬರದಂತೆ ಮೇಷ್ಟ್ರನ್ನು ತಳ್ಳಿದವರು ಬಸವಯ್ಯ. ವಿಡಿಯೋ ಯಾಕೆ ಮೂರು ಬೆರಳಿಗೇ ನಿಂತಿತೆಂದು ಆಗ ತಿಳಿಯಿತು. ಕೈ ಕಟ್ಟಿಸಿದ್ದು ಯಾಕೆಂದೂ ತಿಳಿಯಿತು. ಮೇಷ್ಟ್ರು ಇಷ್ಟು ದಿನ ಹನ್ನೆರಡನ್ನು ಯಾಕೆ ತೋರಿಸಲಿಲ್ಲವೆಂಬುದೂ ತಿಳಿಯಿತು. ಆ ವಾರ್ಡಿನಲ್ಲಿ ಅದನ್ನು ಓದಬಲ್ಲವರು ಒಬ್ಬರೇ ಇದ್ದರು, ಅವರೇ ದಿನವೂ ಗಂಜಿ ಕುಡಿಸುತ್ತಿದ್ದರು. ನಯನ ಸಮಾಧಾನವೆಂದುಕೊಂಡದ್ದು ಭಯ.

"ಓ, ದೇವರಾಜೂ! ಅಂತೂ ಬಂದ್ಯಾ?"

ಬಾಗಿಲಲ್ಲಿ ಬಸವಯ್ಯ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಫ್ಲಾಸ್ಕು. ನಗುತ್ತಲೇ ಬಂದವರು ಮಂಚದ ಹತ್ತಿರ ನಿಂತುಬಿಟ್ಟರು. ದೇವರಾಜುವಿನ ಮುಷ್ಟಿ ಇನ್ನೂ ಮೇಷ್ಟ್ರ ಎದೆಯ ಮೇಲಿತ್ತು. ಮೇಷ್ಟ್ರ ಎರಡು ಬೆರಳು ಇನ್ನೂ ಮೇಲಿದ್ದವು. ಈ ಸಲ ಅವರು ಕೈ ಇಳಿಸಲಿಲ್ಲ. ತಮ್ಮ ಕ್ಯಾಪ್ಟನ್ನನನ್ನೇ ನೋಡುತ್ತ ಹಾಗೇ ಹಿಡಿದರು.

ಬಸವಯ್ಯ ಫ್ಲಾಸ್ಕನ್ನು ಟೇಬಲ್ಲಿನ ಮೇಲೆ ನಿಧಾನವಾಗಿ ಇಟ್ಟರು.

"ಮೇಷ್ಟ್ರು ಏನೋ ಏಳ್ತಾವ್ರಲ್ಲ ದೇವರಾಜು. ನಂಗೆ ಇವೆಲ್ಲ ಮರ್ತೋಗಿವೆ. ಈ ಅವ್ವಂಗೆ ನೀನೇ ಓದಿ ಏಳು."

ಬಾಗಿಲ ಗಾಜಿನಾಚೆ ಗಾನವಿಯ ಮುಖ ಕಾಣುತ್ತಿತ್ತು. ಅವಳ ತಮ್ಮ ಒಳಗಿರುವುದೋ ಹೊರಗೆ ಬರುವುದೋ ಮತ್ತೊಮ್ಮೆ ಈ ಟೈಲರ್‌ನ ಬಾಯಿಯಲ್ಲಿತ್ತು. ನಾನು ಓದಿದರೆ ಪತ್ತೇದಾರಳ ಕಲ್ಪನೆ ಎನ್ನುತ್ತಾರೆ. ಕೋರ್ಟು ನಂಬುವುದು ರೆಫರಿಯ ಮಾತನ್ನು. ಹೇಳು, ಒಂದು ಸಲವಾದರೂ ಹೇಳು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

ದೇವರಾಜು ತುಟಿ ಒದ್ದೆ ಮಾಡಿಕೊಂಡ.

"ಬಾಳೆಹಣ್ಣು ಕೇಳ್ತಾವ್ರೆ ಅಣ್ಣ," ಎಂದ. "ಒಂದು ಡಜನ್."

ಹೆದರಿ ನುಣುಚಿಕೊಂಡನೋ, ಹನ್ನೆರಡನ್ನು ಹನ್ನೆರಡನೆಯವನ ಮುಖಕ್ಕೇ ಹೇಳಿದನೋ, ನನಗೆ ಇಂದಿಗೂ ಬಗೆಹರಿದಿಲ್ಲ. ಬಸವಯ್ಯ ಅವನನ್ನೇ ನೋಡಿದರು. ಆಮೇಲೆ ನಕ್ಕರು.

"ಅಷ್ಟೇನಾ? ತಂದ್ಕೊಟ್ರಾಯ್ತು. ಬಾ, ಇಬ್ರೂ ಓಗನ."

ದೇವರಾಜುವಿನ ಮಣಿಕಟ್ಟು ಹಿಡಿದು ಎಳೆದರು. ನಾನು ಅಡ್ಡ ಹೋದೆ. "ಅವರು ಎಲ್ಲಿಗೂ ಬರೋದಿಲ್ಲ," ಎಂದೆ.

"ಪರ್ವಾಗಿಲ್ಲ ಮೇಡಂ," ಎಂದ ದೇವರಾಜು ನನ್ನ ಕಣ್ಣು ತಪ್ಪಿಸಿ. "ಓಗ್ಬುಟ್ಟು ಬತ್ತೀನಿ."

ಮೇಷ್ಟ್ರ ಎದೆಯ ಮೇಲಿದ್ದ ಮುಷ್ಟಿ ಬಿಚ್ಚಿಕೊಂಡು ದೂರವಾಯಿತು. ಇಬ್ಬರೂ ಗಾನವಿಯನ್ನು ದಾಟಿ ಹೋದರು. ಬಸವಯ್ಯನವರ ಕೈ ಅವನ ಭುಜದ ಮೇಲಿತ್ತು. ಲಿಫ್ಟಿನ ಮುಂದೆ ನಿಲ್ಲದೆ ಇಬ್ಬರೂ ಮೆಟ್ಟಿಲಿನ ಕಡೆ ತಿರುಗಿದರು.

ನಾನು ಬಾಗಿಲಿಗೆ ಓಡಿದೆ. ನನ್ನ ಹಿಂದೆ, ಹಾಸಿಗೆಯ ಮೇಲೆ, ಮೇಷ್ಟ್ರ ಎಡಗೈ ಮತ್ತೆ ಬಿಚ್ಚಿಕೊಂಡು ಎದೆಯ ಕಡೆಗೆ ಬೀಸತೊಡಗಿತ್ತು.